ಶಾಲಾ ಸಮಿತಿ: ನಮ್ಮ ಕೈಯಲ್ಲಿ ಏನಿದೆ, ಏನಿಲ್ಲ?

ಜುಮಾ ನಮಾಝ್ ಮುಗಿದ ಮೇಲೆ ಮೊಹಲ್ಲಾದವರು ನನ್ನ ಬಳಿ ತರುವ ಅಹವಾಲುಗಳಲ್ಲಿ ಇತ್ತೀಚೆಗೆ ಶಾಲೆಯ ವಿಷಯವೇ ಹೆಚ್ಚು. ಒಬ್ಬರು 'ಹಜ್ರತ್, ಹೆಡ್‌ಮಾಸ್ತರನ್ನು ಬದಲಾಯಿಸಬೇಕು, ಕಮಿಟಿಗೆ ಒಂದು ಪತ್ರ ಬರೆದುಕೊಡಿ' ಎನ್ನುತ್ತಾರೆ. ಇನ್ನೊಬ್ಬರು 'ಪುಸ್ತಕದಲ್ಲಿ ಇಂಥ ಪಾಠ ಇದೆಯಂತೆ, ಕಮಿಟಿಯವರಿಗೆ ಹೇಳಿ ತೆಗೆಸಿ' ಎನ್ನುತ್ತಾರೆ. ಮತ್ತೊಬ್ಬರದು 'ಹುಡುಗಿಯರ ಶೌಚಾಲಯಕ್ಕೆ ಬಾಗಿಲಿಲ್ಲ, ಎಮ್ಮೆಲ್ಲೆ ಹತ್ತಿರ ಹೋಗೋಣ ಬನ್ನಿ' ಎಂಬ ಕರೆ.

ಮೊದಲನೆಯ ಕೆಲಸ ಮಾಡುವ ಅಧಿಕಾರ ಶಾಲಾ ಸಮಿತಿಗೆ ಇಲ್ಲ. ಎರಡನೆಯದೂ ಇಲ್ಲ. ಮೂರನೆಯದಕ್ಕೆ ಎಮ್ಮೆಲ್ಲೆ ಬೇಕಾಗಿಲ್ಲ, ಸಮಿತಿಯೇ ಸಾಕು. ಅಧಿಕಾರ ಇಲ್ಲದ ಕಡೆ ನಾವು ಜೋರಾಗಿ ಮಾತನಾಡುತ್ತೇವೆ, ಇರುವ ಕಡೆ ಸಭೆಗೂ ಹೋಗುವುದಿಲ್ಲ. ಆದ್ದರಿಂದ ಈ ಸಮಿತಿ ಎಂದರೇನು, ಅದು ಯಾವುದನ್ನು ತೀರ್ಮಾನಿಸುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಸರ್ಕಾರಿ ಶಾಲೆಗಳಲ್ಲಿ ಇದರ ಹೆಸರು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಎಲ್ಲರ ಬಾಯಲ್ಲೂ ಎಸ್‌ಡಿಎಂಸಿ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಮಾಡಿದ ಶಿಫಾರಸಿನ ಮೇಲೆ 2001ರಲ್ಲಿ ಕರ್ನಾಟಕ ಸರ್ಕಾರ ಇವುಗಳನ್ನು ರಚಿಸಿತು. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 21ನೇ ಸೆಕ್ಷನ್ ದೇಶದ ಎಲ್ಲ ಸರ್ಕಾರಿ ಶಾಲೆಗಳಿಗೂ ಇಂಥ ಸಮಿತಿ ಕಡ್ಡಾಯ ಎಂದಿತು. ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಆ ಶಾಲೆಯಲ್ಲೇ ಓದುವ ಮಕ್ಕಳ ತಂದೆ ತಾಯಿ ಅಥವಾ ಪೋಷಕರಾಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಹಿಂದುಳಿದ ಮತ್ತು ಬಡ ಕುಟುಂಬಗಳಿಗೆ ಅವರ ಮಕ್ಕಳ ಸಂಖ್ಯೆಗೆ ತಕ್ಕ ಸ್ಥಾನ ಸಿಗಬೇಕು. ಅಧ್ಯಕ್ಷರು ಪೋಷಕರಲ್ಲೇ ಒಬ್ಬರು, ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ. ಪಂಚಾಯಿತಿ ಅಥವಾ ಪುರಸಭೆಯ ಸದಸ್ಯರೂ ಇರುತ್ತಾರೆ, ಆದರೆ ಅವರು ಬಂದು ಕೂರುವುದು ಪೋಷಕರ ಸಮಿತಿಯಲ್ಲಿ. ಇದನ್ನು ನಮ್ಮ ಕೌನ್ಸಿಲರ್ ಸಾಹೇಬರುಗಳಿಗೆ ಯಾರಾದರೂ ಆಗಾಗ ನೆನಪಿಸಬೇಕು.

ಒಂದು ವ್ಯತ್ಯಾಸ ಗಮನಿಸಿ. ಅನುದಾನಿತ ಶಾಲೆಗಳಲ್ಲಿ ಮತ್ತು ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಲ್ಲಿ ಈ ಸಮಿತಿ ಸಲಹೆ ಮಾತ್ರ ಕೊಡಬಹುದು ಎಂದು 2012ರ ತಿದ್ದುಪಡಿ ಹೇಳುತ್ತದೆ. ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ ಸಮಿತಿಯ ನಿಯಮ ಅನ್ವಯಿಸುವುದಿಲ್ಲ. ಮದ್ರಸಗಳು ಮತ್ತು ವೇದ ಪಾಠಶಾಲೆಗಳು ಈ ಕಾಯ್ದೆಯ ಹೊರಗಿವೆ. ಹಾಗಾಗಿ ಇಲ್ಲಿ ಬರೆಯುವುದೆಲ್ಲ ನಮ್ಮ ಊರುಗಳ ಸರ್ಕಾರಿ ಕನ್ನಡ ಮತ್ತು ಉರ್ದು ಪ್ರಾಥಮಿಕ ಶಾಲೆಗಳ ಮಾತು.

ಹೆಡ್‌ಮಾಸ್ತರ ವಿಷಯದಿಂದಲೇ ಶುರು ಮಾಡೋಣ. ಶಿಕ್ಷಕರ ನೇಮಕ, ಬಡ್ತಿ, ವರ್ಗಾವಣೆ ಎಲ್ಲವೂ ಶಿಕ್ಷಣ ಇಲಾಖೆಯದು. ವರ್ಗಾವಣೆಗೆ 2020ರ ಪ್ರತ್ಯೇಕ ಕಾಯ್ದೆಯೇ ಇದೆ, ಅದರಂತೆ ಕೌನ್ಸೆಲಿಂಗ್ ನಡೆಯುತ್ತದೆ. ಸಮಿತಿಯ ಅಧ್ಯಕ್ಷರು ಮುಖ್ಯ ಶಿಕ್ಷಕರ ಮೇಲಧಿಕಾರಿಯಲ್ಲ. ಅವರನ್ನು ತರಿಸುವುದಾಗಲಿ ಕಳಿಸುವುದಾಗಲಿ ಇವರ ಕೈಯಲ್ಲಿಲ್ಲ.

'ಹೆಡ್‌ಮಾಸ್ತರು ಪಾಠ ಮಾಡುವುದಿಲ್ಲ, ಯಾವಾಗಲೂ ಕಾಗದ ಹಿಡಿದು ಕೂತಿರುತ್ತಾರೆ' ಎಂಬ ದೂರಿನ ಹಿಂದೆ ಬಹಳ ಸಲ ಬೇರೆ ಕಾರಣ ಇರುತ್ತದೆ. ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿವರೆಗಿನ ಶಾಲೆಗೆ ಪಾಠ ಮಾಡುವ ಶಿಕ್ಷಕರ ಜೊತೆ ಪ್ರತ್ಯೇಕ ಮುಖ್ಯ ಶಿಕ್ಷಕರು ಸಿಗುವುದು ಮಕ್ಕಳ ಸಂಖ್ಯೆ 150 ದಾಟಿದ ಮೇಲೆ. ಆರರಿಂದ ಎಂಟನೇ ತರಗತಿಗಳಿಗೆ ಆ ಗೆರೆ 100. ನಮ್ಮ ಸಣ್ಣ ಊರುಗಳ ಎಷ್ಟೋ ಉರ್ದು ಶಾಲೆಗಳಲ್ಲಿ ಅಷ್ಟು ಮಕ್ಕಳಿಲ್ಲ. ಅಲ್ಲಿ ಹಿರಿಯ ಶಿಕ್ಷಕರೊಬ್ಬರು ಪ್ರಭಾರಿಯಾಗಿರುತ್ತಾರೆ. ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುವವರೂ ಅವರೇ, ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ ಬರೆಯುವವರೂ ಅವರೇ, ಬಿಇಒ ಕಚೇರಿ ಕೇಳಿದ ಮಾಹಿತಿಯನ್ನು ಸಂಜೆಯೊಳಗೆ ಮೊಬೈಲಿನಲ್ಲಿ ತುಂಬಿಸುವವರೂ ಅವರೇ. ಅವರನ್ನು ಕಳಿಸಿದರೆ ಅದೇ ಕುರ್ಚಿಗೆ ಇನ್ನೊಬ್ಬರು ಬರುತ್ತಾರೆ, ಅದೇ ಕಾಗದ ಹಿಡಿದು ಕೂರುತ್ತಾರೆ.

ಶಿಕ್ಷಕರ ಸಂಖ್ಯೆಯೂ ಮಕ್ಕಳ ಲೆಕ್ಕದ ಮೇಲೆಯೇ ನಿಂತಿದೆ. ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. 61 ಮಕ್ಕಳಿರುವ ಶಾಲೆಯಿಂದ ಇಬ್ಬರು ಖಾಸಗಿ ಶಾಲೆಗೆ ಹೋದರೆ ಮೂರನೇ ಶಿಕ್ಷಕರು ಲೆಕ್ಕದಲ್ಲಿ 'ಹೆಚ್ಚುವರಿ' ಆಗಿಬಿಡಬಹುದು. ಉಳಿದ 59 ಮಕ್ಕಳ ಐದು ತರಗತಿಗಳನ್ನು ಇಬ್ಬರೇ ನೋಡಿಕೊಳ್ಳಬೇಕು. ಅದನ್ನು ನೋಡಿ ಇನ್ನೂ ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ. ಶಿಕ್ಷಕರಿಲ್ಲ ಎಂದು ಮಕ್ಕಳನ್ನು ಬಿಡಿಸಿದೆವೋ, ಮಕ್ಕಳನ್ನು ಬಿಡಿಸಿದ್ದಕ್ಕೆ ಶಿಕ್ಷಕರು ಹೋದರೋ ಎಂಬುದು ಕೊನೆಗೆ ಯಾರಿಗೂ ಗೊತ್ತಾಗುವುದಿಲ್ಲ. ಮನೆ ಮನೆಗೆ ಹೋಗಿ ದಾಖಲಾತಿ ಹೆಚ್ಚಿಸುವ ಕೆಲಸ ಸಮಿತಿಯದು, ಜಮಾಅತ್ತಿನದೂ ಹೌದು.

ಹಾಗಾದರೆ ಶಿಕ್ಷಕರ ವಿಷಯದಲ್ಲಿ ಸಮಿತಿ ಏನೂ ಮಾಡಲಾರದೇ? ಮಾಡಬಹುದು. ಶಿಕ್ಷಕರು ಪ್ರತಿದಿನ ಹೊತ್ತಿಗೆ ಸರಿಯಾಗಿ ಬರಬೇಕು, ನಿಗದಿತ ಅವಧಿಯೊಳಗೆ ಪೂರ್ತಿ ಪಾಠ ಮುಗಿಸಬೇಕು, ಪೋಷಕರ ಸಭೆಯನ್ನು ನಿಯಮಿತವಾಗಿ ನಡೆಸಬೇಕು ಎಂದು 24ನೇ ಸೆಕ್ಷನ್ ಹೇಳುತ್ತದೆ. ಇದು ನಡೆಯುತ್ತಿದೆಯೇ ಎಂದು ನೋಡುವುದು ಸಮಿತಿಯ ಹಕ್ಕು. ಮಂಜೂರಾದ ಹುದ್ದೆಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಖಾಲಿ ಇಡಬಾರದು ಎಂದು 26ನೇ ಸೆಕ್ಷನ್ ಇದೆ. 'ನಮ್ಮಲ್ಲಿ ಐದು ಹುದ್ದೆಗೆ ಎರಡು ಖಾಲಿ' ಎಂದು ನಡವಳಿ ಪುಸ್ತಕದಲ್ಲಿ ಬರೆದು ಬಿಇಒ ಅವರಿಗೆ ಕಳಿಸಿದ ಠರಾವು, ಹತ್ತು ಜನ ಹೋಗಿ ಕಚೇರಿ ಬಾಗಿಲಲ್ಲಿ ನಿಲ್ಲುವುದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ಅತಿಥಿ ಶಿಕ್ಷಕರ ವಿಷಯ ಇನ್ನೂ ಸೂಕ್ಷ್ಮ. ಖಾಲಿ ಹುದ್ದೆಗೆ ಇಲಾಖೆ ಅತಿಥಿ ಶಿಕ್ಷಕರನ್ನು ಮಂಜೂರು ಮಾಡಿದಾಗ ಸ್ಥಳೀಯವಾಗಿ ಆರಿಸುವಲ್ಲಿ ಮುಖ್ಯ ಶಿಕ್ಷಕರ ಜೊತೆ ಸಮಿತಿಗೂ ಪಾತ್ರವಿದೆ. ಊರಿನಲ್ಲಿ ಡಿ.ಇಡಿ. ಅಥವಾ ಬಿ.ಇಡಿ. ಮುಗಿಸಿ ಮನೆಯಲ್ಲೇ ಕೂತಿರುವ ನಮ್ಮ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ಅವರಿಗೆ ಸುದ್ದಿಯೇ ತಲುಪುವುದಿಲ್ಲ. ಅಷ್ಟರಲ್ಲಿ ಯಾರೋ ಸದಸ್ಯರ ಭಾವನ ಮಗ ಅರ್ಜಿ ಹಾಕಿರುತ್ತಾನೆ. ಅರ್ಹತೆ ಬಿಟ್ಟು ಸಂಬಂಧ ನೋಡಿ ಕೊಟ್ಟ ಆ ಒಂದು ಸಹಿಯಿಂದ ಮೂವತ್ತು ಮಕ್ಕಳ ಒಂದು ವರ್ಷ ಹಾಳಾಗುತ್ತದೆ. ಸಮಿತಿಯ ಸದಸ್ಯತ್ವ ಅಮಾನತ್ ಎಂದು ಮಿಂಬರಿನ ಮೇಲಿಂದ ಹೇಳುವಾಗ ಎಲ್ಲರೂ ತಲೆಯಾಡಿಸುತ್ತಾರೆ. ಪರೀಕ್ಷೆ ಬರುವುದು ಇಂಥ ಅರ್ಜಿ ಮುಂದೆ ಬಂದಾಗ.

ಇನ್ನು ಕಟ್ಟಡ, ನೀರು, ಶೌಚಾಲಯ. ಸಮಿತಿಯ ನಿಜವಾದ ಬಲ ಇರುವುದು ಇಲ್ಲಿ, ನಾವು ಅತಿ ಕಡಿಮೆ ಬಳಸುವುದೂ ಇಲ್ಲೇ. ಶಾಲೆಗೆ ಏನೇನು ಇರಲೇಬೇಕು ಎಂದು ಕಾಯ್ದೆಯ ಅನುಸೂಚಿ ಪಟ್ಟಿ ಕೊಟ್ಟಿದೆ. ಪ್ರತಿ ಶಿಕ್ಷಕರಿಗೆ ಒಂದು ಕೊಠಡಿ, ಕಚೇರಿ ಮತ್ತು ದಾಸ್ತಾನಿಗೆ ಒಂದು ಕೋಣೆ, ಗಂಡು ಮತ್ತು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಎಲ್ಲ ಮಕ್ಕಳಿಗೆ ಸಾಕಾಗುವಷ್ಟು ಶುದ್ಧ ಕುಡಿಯುವ ನೀರು, ಅಡುಗೆ ಕೋಣೆ, ಆಟದ ಮೈದಾನ, ಕಾಂಪೌಂಡ್ ಅಥವಾ ಬೇಲಿ, ಅಂಗವಿಕಲ ಮಗು ತಡೆಯಿಲ್ಲದೆ ಒಳಬರುವ ದಾರಿ, ಪತ್ರಿಕೆ ಮತ್ತು ಕಥೆ ಪುಸ್ತಕಗಳಿರುವ ಗ್ರಂಥಾಲಯ. ಇವು ಯಾರೂ ಕೊಡುವ ದಾನವಲ್ಲ, ಕಾನೂನು ಹಾಕಿದ ಕನಿಷ್ಠ ಮಟ್ಟ.

ಶೌಚಾಲಯದ ಬಾಗಿಲನ್ನು ನಾನು ಸಣ್ಣ ವಿಷಯ ಎಂದು ಎಣಿಸುವುದಿಲ್ಲ. ಆರು, ಏಳನೇ ತರಗತಿಗೆ ಬಂದ ಹುಡುಗಿ ತಿಂಗಳಿಗೆ ಮೂರು ನಾಲ್ಕು ದಿನ ಮನೆಯಲ್ಲೇ ಉಳಿಯತೊಡಗುತ್ತಾಳೆ. ಆಮೇಲೆ ಪಾಠ ತಪ್ಪುತ್ತದೆ, ಲೆಕ್ಕ ಅರ್ಥವಾಗುವುದಿಲ್ಲ, 'ಓದು ಅವಳ ತಲೆಗೆ ಹತ್ತಲ್ಲ' ಎಂದು ಮನೆಯವರೇ ತೀರ್ಪು ಕೊಡುತ್ತಾರೆ. ಹುಡುಗಿಯ ಓದು ನಿಂತದ್ದು ಬಾಗಿಲಿಲ್ಲದ ಆ ಕೋಣೆಯಿಂದ ಎಂದು ಅಬ್ಬಾಗೆ ಗೊತ್ತೇ ಆಗುವುದಿಲ್ಲ, ಅಮ್ಮಿ ಹೇಳುವುದಿಲ್ಲ.

ಬಾಗಿಲು ಹೇಗೆ ಬರುತ್ತದೆ? ಸಮಗ್ರ ಶಿಕ್ಷಣ ಯೋಜನೆಯಡಿ ಪ್ರತಿ ಸರ್ಕಾರಿ ಶಾಲೆಗೆ ಮಕ್ಕಳ ಸಂಖ್ಯೆಯ ಮೇಲೆ ಶಾಲಾ ಅನುದಾನದ ಮಿತಿ ಇದೆ. 31ರಿಂದ 100 ಮಕ್ಕಳಿದ್ದರೆ ವರ್ಷಕ್ಕೆ 25,000 ರೂಪಾಯಿ, 101ರಿಂದ 250 ಇದ್ದರೆ 50,000. ಇದರಲ್ಲಿ ಕನಿಷ್ಠ ಶೇಕಡಾ 10 ಸ್ವಚ್ಛತೆಗೆ ಹೋಗಬೇಕು. 140 ಮಕ್ಕಳ ಶಾಲೆಯಾದರೆ ಅದು ಕಡಿಮೆಯೆಂದರೂ 5,000 ರೂಪಾಯಿ. ಸೀಮೆಸುಣ್ಣ, ರಿಜಿಸ್ಟರ್, ವಿದ್ಯುತ್ ಬಿಲ್, ಸಣ್ಣಪುಟ್ಟ ರಿಪೇರಿ ಎಲ್ಲ ಈ ಅನುದಾನದಲ್ಲೇ ನಡೆಯಬೇಕು. ಬಾಗಿಲು, ನಲ್ಲಿ, ಚಿಲಕ ಇದರಲ್ಲಿ ಆಗುತ್ತದೆ. ಹೊಸ ಶೌಚಾಲಯ, ಹೊಸ ಕೊಠಡಿ ಆಗುವುದಿಲ್ಲ.

ದೊಡ್ಡ ಕೆಲಸಕ್ಕೆ ಇರುವ ದಾರಿ 22ನೇ ಸೆಕ್ಷನ್ ಹೇಳುವ ಶಾಲಾ ಅಭಿವೃದ್ಧಿ ಯೋಜನೆ. ಮುಂದಿನ ವರ್ಷಗಳಲ್ಲಿ ಯಾವ ತರಗತಿಗೆ ಎಷ್ಟು ಮಕ್ಕಳು ಬರಬಹುದು, ಎಷ್ಟು ಶಿಕ್ಷಕರು ಹೆಚ್ಚಿಗೆ ಬೇಕು, ಎಷ್ಟು ಕೊಠಡಿ, ಏನು ಸಾಮಗ್ರಿ, ಎಷ್ಟು ಹಣ ಎಂದು ಸಮಿತಿ ಬರೆದು ಒಪ್ಪಿಸುವ ಕಾಗದ ಅದು. ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಅನುದಾನಕ್ಕೆ ಈ ಯೋಜನೆಯೇ ಆಧಾರ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಹಾಗಿದ್ದೂ ಎಷ್ಟೋ ಕಡೆ ಇದನ್ನು ಮುಖ್ಯ ಶಿಕ್ಷಕರು ಒಬ್ಬರೇ ಕೂತು, ಹೋದ ವರ್ಷದ್ದನ್ನು ನೋಡಿ ಬರೆಯುತ್ತಾರೆ. ಅವರನ್ನು ದೂರಿ ಫಲವಿಲ್ಲ, ಜೊತೆಗೆ ಕೂರುವವರು ಯಾರೂ ಇಲ್ಲ.

ಇದರ ಜೊತೆ ಯು-ಡೈಸ್ ಎಂಬ ನಮೂನೆ ಇದೆ. ದೇಶದ ಪ್ರತಿ ಶಾಲೆಯೂ ವರ್ಷಕ್ಕೊಮ್ಮೆ ತನ್ನ ಮಕ್ಕಳು, ಶಿಕ್ಷಕರು, ಕೊಠಡಿ, ನೀರು, ಶೌಚಾಲಯಗಳ ವಿವರವನ್ನು ಅದರಲ್ಲಿ ತುಂಬುತ್ತದೆ. ಶೌಚಾಲಯ ಎಷ್ಟಿವೆ ಎಂಬುದು ಒಂದು ಅಂಕಣ, ಬಳಕೆಯಲ್ಲಿ ಎಷ್ಟಿವೆ ಎಂಬುದು ಇನ್ನೊಂದು. ಎರಡರಲ್ಲೂ 'ಎರಡು' ಎಂದು ಬರೆದು ಕಳಿಸಿದರೆ, ಬಾಗಿಲಿಲ್ಲದ ಶೌಚಾಲಯ ಸರ್ಕಾರದ ಲೆಕ್ಕದಲ್ಲಿ ಸುಸ್ಥಿತಿಯಲ್ಲಿರುತ್ತದೆ. ಸರಿಯಿದೆ ಎಂದು ನಾವೇ ಬರೆದುಕೊಟ್ಟ ಮೇಲೆ ಹಣ ಯಾಕೆ ಬರುತ್ತದೆ? ಕೆಲವರಿಗೆ 'ಇಲ್ಲ' ಎಂದು ಬರೆದರೆ ಶಾಲೆಯ ಮರ್ಯಾದೆ ಹೋಗುತ್ತದೆ ಎಂಬ ಭಯ. ಆ ನಮೂನೆಯನ್ನು ಕಳಿಸುವ ಮೊದಲು ಒಮ್ಮೆ ಸಮಿತಿಯ ಮುಂದೆ ಓದಿಸಿ ಎಂದು ಕೇಳಿ. ಅರ್ಧ ಗಂಟೆಯ ಕೆಲಸ ಅದು. ಶಾಲೆಯ ಜಾಗದ ಕಾಗದವನ್ನೂ ಅದೇ ದಿನ ಕೇಳಿ ನೋಡಿ. ಖಾತೆ ಸರಿಯಿಲ್ಲದ ಜಾಗದಲ್ಲಿ ಕಟ್ಟಡ ಮಂಜೂರಾಗುವುದು ಕಷ್ಟ.

ಜಮಾಅತ್ ಕಡೆಯಿಂದ, ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮ ಹುಡುಗರ ಕಡೆಯಿಂದ ಶಾಲೆಗೆ ಬೆಂಚು, ಫ್ಯಾನು, ನೀರಿನ ಫಿಲ್ಟರ್ ಬರುವುದುಂಟು. ಒಳ್ಳೆಯದೇ. ಆದರೆ ಯಾವ ಮೂಲದಿಂದ ಬಂದ ಅನುದಾನವಾದರೂ ಅದರ ಬಳಕೆಯನ್ನು ನೋಡುವುದು ಸಮಿತಿಯ ಕೆಲಸ ಎಂದು 21ನೇ ಸೆಕ್ಷನ್ ಹೇಳಿದೆ. ಹಣವಾದರೆ ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಜಂಟಿ ಖಾತೆಗೆ ಹಾಕಿ ರಸೀದಿ ಪಡೆಯಿರಿ, ವಸ್ತುವಾದರೆ ದಾಸ್ತಾನು ಪುಸ್ತಕದಲ್ಲಿ ಬರೆಸಿ. ಕೈಯಿಂದ ಕೈಗೆ ಕೊಟ್ಟ ಹಣದಿಂದ ಊರಿನಲ್ಲಿ ಎಷ್ಟು ಜಗಳಗಳಾಗಿವೆ ಎಂಬುದು ಎಲ್ಲರಿಗೂ ಗೊತ್ತಿದೆ.

ಬಿಸಿಯೂಟದ ಗುಣಮಟ್ಟ, ಅಡುಗೆ ಮಾಡುವ ಜಾಗದ ಶುಚಿತ್ವ ನೋಡುವುದೂ ಸಮಿತಿಯ ಹೊಣೆಯೇ. ವಾಟ್ಸಾಪಿನಲ್ಲಿ ಬಂದ ಫೋಟೋ ನೋಡಿ ಗಾಬರಿಯಾಗುವ ಬದಲು ಮಧ್ಯಾಹ್ನ ಶಾಲೆಗೆ ಹೋಗಿ ಮಕ್ಕಳ ಪಕ್ಕ ಕೂತು ಒಂದು ತುತ್ತು ತಿಂದು ಬನ್ನಿ.

ಪಠ್ಯಕ್ರಮದ ವಿಷಯ ಬಂದಾಗ ಮಾತ್ರ ಸಮಿತಿಯ ಬಾಗಿಲು ಬಹುತೇಕ ಮುಚ್ಚಿದೆ. ಏನು ಕಲಿಸಬೇಕು ಎಂಬುದನ್ನು ನಿರ್ಧರಿಸುವುದು ಸರ್ಕಾರ ಗೊತ್ತುಮಾಡಿದ ಶೈಕ್ಷಣಿಕ ಪ್ರಾಧಿಕಾರ; ನಮ್ಮ ರಾಜ್ಯದಲ್ಲಿ ಡಿ.ಎಸ್.ಇ.ಆರ್.ಟಿ. ಪುಸ್ತಕ ಹೊರತರುವುದು ಕರ್ನಾಟಕ ಪಠ್ಯಪುಸ್ತಕ ಸಂಘ, ಉರ್ದು ಮಾಧ್ಯಮದವೂ ಸೇರಿ. ಒಂದು ಊರಿನ ಸಮಿತಿ ಪಾಠ ತೆಗೆಯಲಾರದು, ಸೇರಿಸಲಾರದು. ಪಾಠದ ಬಗ್ಗೆ ಆಕ್ಷೇಪ ಇದ್ದರೆ ಪುಟದ ಸಂಖ್ಯೆ, ಸಾಲು, ತಪ್ಪೇನು ಎಂಬುದನ್ನು ಬರೆದು ಅವರಿಗೇ ಕಳಿಸಬೇಕು. ಪುಸ್ತಕವನ್ನು ಕೈಯಲ್ಲಿ ಹಿಡಿದು ಓದಿದ ಮೇಲೆ ಬರೆಯಿರಿ, ಕೇಳಿದ್ದನ್ನು ನಂಬಿ ಬೇಡ.

'ಸರ್ಕಾರಿ ಶಾಲೆಯಲ್ಲಿ ವಾರಕ್ಕೊಂದು ಪೀರಿಯಡ್ ದೀನಿಯಾತ್ ಇಡಿಸಿ' ಎಂದೂ ಕೆಲವರು ಕೇಳುತ್ತಾರೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಸಂವಿಧಾನದ 28ನೇ ವಿಧಿ ಇದೆ. ಅದು ಎಲ್ಲ ಧರ್ಮಗಳಿಗೂ ಒಂದೇ. ನಮ್ಮ ಮಕ್ಕಳಿಗೆ ಬೇರೆಯವರ ಬೋಧನೆ ಬೇಡ ಎನ್ನಲು ನಮಗೆ ಆಸರೆಯಾಗಿರುವುದೂ ಅದೇ ವಿಧಿ. ದೀನಿಯಾತ್ ಕಲಿಸಲು ಮಸೀದಿಯ ಮಕ್ತಬ್ ಇದೆ. ಬೆಳಿಗ್ಗೆಯ ಮಕ್ತಬ್ ಮುಗಿಯುವುದು ತಡವಾಗಿ ಮಗು ಶಾಲೆಯ ಪ್ರಾರ್ಥನೆ ತಪ್ಪಿಸಿಕೊಂಡರೆ ಹೊತ್ತು ಬದಲಿಸಿಕೊಳ್ಳಬೇಕಾದವರು ನಾವು.

ಸಮಿತಿಯ ಮಾತು ನಡೆಯುವ ಒಂದು ಕಡೆ ಭಾಷೆ. ಉರ್ದು ಶಾಲೆಯಲ್ಲಿ ಏಳನೆಯದು ಮುಗಿಸಿದ ಮಗು ಮುಂದೆ ಊರಿನ ಕನ್ನಡ ಮಾಧ್ಯಮ ಹೈಸ್ಕೂಲಿಗೆ ಹೋಗುತ್ತದೆ. ಅಲ್ಲಿ ವಿಜ್ಞಾನ, ಸಮಾಜ ಎಲ್ಲ ಕನ್ನಡದಲ್ಲಿ. ಬುದ್ಧಿವಂತ ಮಕ್ಕಳು ಕೂಡ ಅಲ್ಲಿ ಬಾಯಿ ಕಟ್ಟಿದಂತೆ ಕೂರುವುದನ್ನು ನೋಡಿದರೆ ಸಂಕಟವಾಗುತ್ತದೆ. ತಾಯ್ನುಡಿಯಲ್ಲಿ ಕಲಿಕೆ, ಸಾಧ್ಯವಾದ ಮಟ್ಟಿಗೆ, ಎಂದು ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ಉರ್ದು ಉಳಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದೇ ಶಾಲೆಯಲ್ಲಿ ಕನ್ನಡ ಕಲಿಸುವ ಶಿಕ್ಷಕರು ಇದ್ದಾರೆಯೇ, ಐದನೇ ತರಗತಿಯ ಮಗು ಕನ್ನಡ ಪತ್ರಿಕೆಯ ಒಂದು ಸುದ್ದಿಯನ್ನು ತಡವರಿಸದೆ ಓದುತ್ತದೆಯೇ ಎಂದು ಪ್ರತಿ ಸಭೆಯಲ್ಲಿ ಕೇಳುವುದು ಸಮಿತಿಯ ಕೆಲಸ. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದ ಮೇಲೆ ನಮ್ಮವರೂ 'ನಮಗೂ ಬೇಕು' ಎನ್ನುತ್ತಿದ್ದಾರೆ. ಬೇಡಿಕೆ ಸಲ್ಲಿಸಲು ಅಡ್ಡಿಯಿಲ್ಲ, ತೀರ್ಮಾನ ಸರ್ಕಾರದ್ದು. ಕಲಿಸುವ ಶಿಕ್ಷಕರಿಲ್ಲದೆ ಬೋರ್ಡು ಮಾತ್ರ ಬದಲಾದರೆ ಮಗುವಿಗೆ ಮೂರು ಭಾಷೆಗಳೂ ಅರ್ಧರ್ಧ ಆಗುತ್ತವೆ ಎಂಬ ಆತಂಕ ನನ್ನದು.

ಕೊನೆಯದಾಗಿ ಸಭೆಯ ಮಾತು. ಕಾನೂನು ಅರ್ಧ ಸ್ಥಾನ ಹೆಂಗಸರಿಗೆ ಕೊಟ್ಟಿದೆ. ಪಟ್ಟಿಯಲ್ಲಿ ಅವರ ಹೆಸರುಗಳೂ ಇರುತ್ತವೆ. ಸಭೆಯ ದಿನ ಮಾತ್ರ ಗಂಡನೋ ಮೈದುನನೋ ಬಂದು ಕೂರುತ್ತಾರೆ. ಇಲ್ಲವಾದರೆ ನಡವಳಿ ಪುಸ್ತಕವೇ ಹುಡುಗನ ಕೈಯಲ್ಲಿ ಮನೆಗೆ ಬರುತ್ತದೆ, 'ಆಪಾ, ಇಲ್ಲಿ ಒಂದು ಸಹಿ' ಎನ್ನುತ್ತಾನೆ, ಒಲೆಯ ಮುಂದಿನಿಂದ ಎದ್ದು ಬಂದು ಹಾಕಿಕೊಡುತ್ತಾರೆ. ಮೇಲೆ ಏನು ಬರೆದಿದೆ ಎಂದು ಯಾರೂ ಓದಿ ಹೇಳುವುದಿಲ್ಲ. ಐವತ್ತು ಸಾವಿರದ ಖರ್ಚಿಗೆ ಒಪ್ಪಿಗೆ ಕೊಟ್ಟ ಸಹಿ ಅದಾಗಿರಬಹುದು. ಶೌಚಾಲಯದ ಮಾತು, ನೀರಿನ ಮಾತು, ಮಗು ಮನೆಗೆ ಬಂದು ಅತ್ತ ಮಾತು ಗೊತ್ತಿರುವುದು ತಾಯಂದಿರಿಗೆ. ಅವರನ್ನು ಹೊರಗಿಟ್ಟ ಸಭೆಯಲ್ಲಿ ಈ ವಿಷಯಗಳು ಬರುವುದೇ ಇಲ್ಲ. ಸಹೋದರಿಯರೇ, ಆ ಕುರ್ಚಿ ನಿಮ್ಮದು, ಹೋಗಿ ಕೂರಿ. ಸಹೋದರರೇ, ಮನೆಯಲ್ಲಿ ಒಂದು ಗಂಟೆ ಮಗುವನ್ನು ನೋಡಿಕೊಂಡು ಅವರನ್ನು ಕಳಿಸಿ.

ಸಭೆಯ ಹೊತ್ತೂ ಮುಖ್ಯ. ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಕೂಲಿಗೆ ಹೋಗುವವರು, ಬೀಡಿ ಕಟ್ಟುವವರು ಬರಲಾರರು. ಶುಕ್ರವಾರ ಮಧ್ಯಾಹ್ನ ಕರೆದರೆ ನಮ್ಮವರು ಬರಲಾರರು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಇಡಿ ಎಂದು ಕೇಳಿದರೆ ಹೆಚ್ಚಿನ ಮುಖ್ಯ ಶಿಕ್ಷಕರು ಒಪ್ಪುತ್ತಾರೆ.

ಠರಾವು ಬರೆದರೂ ಕೆಲಸವಾಗದಿದ್ದರೆ ಕಾಯ್ದೆಯ 32ನೇ ಸೆಕ್ಷನ್ ಇದೆ. ಮಗುವಿನ ಹಕ್ಕಿನ ಕುರಿತು ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಅದರ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಅನುದಾನ ಎಷ್ಟು ಬಂತು, ಎಲ್ಲಿ ಖರ್ಚಾಯಿತು ಎಂದು ಸಭೆಯಲ್ಲಿ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಉತ್ತರಕ್ಕೆ 30 ದಿನಗಳ ಗಡುವು. ಯಾವ ಕಾಗದ ಕೊಟ್ಟರೂ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಕಚೇರಿಯ ಮೊಹರು ಮತ್ತು ತಾರೀಖು ಹಾಕಿಸಿಕೊಂಡು ನಡವಳಿ ಪುಸ್ತಕದ ಜೊತೆ ಇಡಿ. ಮುಂದಿನ ವರ್ಷ ಸಮಿತಿಗೆ ಬರುವವರಿಗೆ ಅದು ಬೇಕಾಗುತ್ತದೆ.